ಜೀಪಿನ ಹೊಟ್ಟೆಗೆ ಡೀಸೆಲ್ ಎಂಜಿನ್ ಇಳಿಸಿದ ಕಾಲ

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಜೀಪು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಅಡಿಕೆ ಮೂಟೆ, ರಬ್ಬರ್ ಶೀಟು, ಹಿಂಡಿ ಚೀಲ, ಮದುವೆ ದಿಬ್ಬಣ, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲರಿಗೂ ಅದೇ ಗತಿ. ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋದರೆ ಅಲ್ಲಿಂದ ಒಳಗೆ ಸರ್ವಿಸ್ ಜೀಪು. ಆದರೆ ಹುಟ್ಟುವಾಗ ಪೆಟ್ರೋಲ್ ಕುಡಿಯುತ್ತಿದ್ದ ಎಷ್ಟೋ ಜೀಪುಗಳು ಮುದಿಯಾಗುವಾಗ ಡೀಸೆಲ್ ಆಗಿದ್ದವು. ಈ ಕಸಿ ಕಟ್ಟುವ ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತಿತ್ತು ಅನ್ನುವುದು ಈ ಬರಹದ ವಿಷಯ.

ಮೊದಲು ಸ್ವಲ್ಪ ಹಿಂದಿನ ಕಥೆ. 1945ರಲ್ಲಿ ಲೂಧಿಯಾನದಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳ ಬಿಡಿಭಾಗ ತಂದು ಇಲ್ಲಿ ಜೋಡಿಸತೊಡಗಿತು. ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ನಾವೆಲ್ಲ ನೋಡಿದ ಎತ್ತರದ ಬಾನೆಟ್ಟಿನ ಜೀಪು ಸಿಜೆ-3ಬಿ. ಆ ಬಾನೆಟ್ಟು ಎತ್ತರವಾದದ್ದು ಚಂದಕ್ಕಲ್ಲ ಮಾರಾಯ್ರೆ! 1953ರಲ್ಲಿ ವಿಲ್ಲೀಸಿನವರು ಹಳೆಯ 60 ಎಚ್‌ಪಿ ಎಂಜಿನ್ ತೆಗೆದು ಅಷ್ಟೇ ಗಾತ್ರದ, ಅಂದರೆ 2199 ಸಿಸಿಯ, ಸುಮಾರು 72 ಎಚ್‌ಪಿಯ ಹರಿಕೇನ್ ಎಂಜಿನ್ ಹಾಕಿದರು. ಅದರ ವಾಲ್ವು ತಲೆಯ ಮೇಲೆ ಕೂತಿದ್ದರಿಂದ ಎಂಜಿನ್ ಉದ್ದವಾಯಿತು, ಬಾನೆಟ್ಟು ಮುಚ್ಚಲಿಲ್ಲ. ತಗಡನ್ನೇ ಎತ್ತರ ಮಾಡಬೇಕಾಯಿತು. ಎಂಜಿನ್ ಬದಲಾಯಿಸಿದರೆ ಸುತ್ತಲಿನದ್ದೂ ಬದಲಾಗುತ್ತದೆ ಅನ್ನುವ ಪಾಠ ಕಂಪನಿಗೇ ಹಾಗೆ ಸಿಕ್ಕಿತ್ತು.

1973ರ ಕೊನೆಗೆ ಅರಬ್ ದೇಶಗಳ ತೈಲ ಬಿಕ್ಕಟ್ಟು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ದರ ಬ್ಯಾರೆಲ್ಲಿಗೆ ಸುಮಾರು 3 ಡಾಲರಿನಿಂದ 12ರ ಹತ್ತಿರ ಹೋಯಿತು. ಪೆಟ್ರೋಲ್ ಜೀಪು ಇಟ್ಟುಕೊಂಡವರ ಕೈ ಸುಟ್ಟಿತು. ಡೀಸೆಲ್ ಎಂಜಿನ್ ಮಹೀಂದ್ರದ ಬಳಗದಲ್ಲೇ ಇತ್ತು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜತೆ ಸೇರಿ ಕಟ್ಟಿದ ಟ್ರಾಕ್ಟರ್ ಕಂಪನಿಯ ಬಿ-275 ಟ್ರಾಕ್ಟರಿನದು! ಅದೇ ಜೀಪಿಗೆ ಬಂದು ಎಂಡಿ-2350 ಆಯಿತು. ಮುಂದೆ ಬೋರು 85.7 ಮಿಮೀಯಿಂದ 88.9ಕ್ಕೆ ದೊಡ್ಡದಾಗಿ 2523 ಸಿಸಿಯ ಡಿಐ ಬಂತು. ಇನ್ನೊಂದು ಕಡೆ 1979ರ ಒಪ್ಪಂದದಿಂದ ಪ್ಯೂಜೋ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, 90 ಮಿಮೀ ಬೋರು, ಅದೇ ಹೆಸರು. 2112 ಸಿಸಿ, 62 ಎಚ್‌ಪಿ.

ಇಂಥ ಎಂಜಿನ್ನು ಗುಜರಿಯಲ್ಲೋ ಅಪಘಾತದ ಗಾಡಿಯಲ್ಲೋ ಸಿಕ್ಕಿದರೆ ಸಾಕು, ಹಳೆ ಜೀಪಿನವರ ಕಿವಿ ನೆಟ್ಟಗಾಗುತ್ತಿತ್ತು. ಆದರೆ ಎಂಜಿನ್ನಿನ ದುಡ್ಡು ಬರೇ ಮುಂಗಡ ಅಷ್ಟೆ. ಗೇರ್‌ಬಾಕ್ಸಿಗೆ ಕೂರಬೇಕಾದರೆ ಬೆಲ್ ಹೌಸಿಂಗ್ ಬೇರೆ, ಇಲ್ಲವೇ ಲೇತಿನಲ್ಲಿ ಪ್ಲೇಟು ಮಾಡಿಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಹೋಯಿತು. ಮೌಂಟಿಂಗ್ ಹೊಸದು. ಡೀಸೆಲ್ ಭಾರ, ಹಾಗಾಗಿ ಮುಂದಿನ ಪ್ಲೇಟುಗಳಿಗೆ ಒಂದೆರಡು ಸೇರಿಸಬೇಕು, ಸೇರಿಸಿದರೆ ಸ್ಟೇರಿಂಗ್ ಗಟ್ಟಿ. ದೊಡ್ಡ ಬ್ಯಾಟರಿ, ಸ್ಟಾರ್ಟರ್. ಹಳೆಯ 6 ವೋಲ್ಟಿನ ಜೀಪಾದರೆ ವಯರಿಂಗೇ ಪೂರ್ತಿ ಹೊಸದು. ಇನ್ನು ವೈಪರ್. ಹಳೆ ಜೀಪಿನ ವೈಪರ್ ತಿರುಗುತ್ತಿದ್ದದ್ದು ಪೆಟ್ರೋಲ್ ಎಂಜಿನ್ ಎಳೆಯುವ ಗಾಳಿಯ ಬಲದಿಂದ. ಡೀಸೆಲ್ಲಿನಲ್ಲಿ ಆ ಎಳೆತವನ್ನು ನಂಬುವ ಹಾಗಿಲ್ಲ. ಸುಬ್ರಹ್ಮಣ್ಯದ ಆಟಿ ಮಳೆಯಲ್ಲಿ ವೈಪರ್ ಇಲ್ಲದೆ ಹೋಗಿ ನೋಡಿ....

ಯಾರೂ ಮೊದಲೇ ಲೆಕ್ಕ ಹಾಕದ ವಿಷಯ ಗೇರಿನದ್ದು. ಸಿಜೆ-3ಬಿಯ ಕ್ರೌನ್ ಪಿನಿಯನ್ ಅನುಪಾತ 5.38. ಹರಿಕೇನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಟಾಪ್ ಗೇರಿನಲ್ಲಿ ಗಂಟೆಗೆ ಹೆಚ್ಚು ಕಡಿಮೆ 98 ಕಿಮೀ. ಡಿಐಗೆ 3200ರ ಮೇಲೆ ಉಸಿರಿಲ್ಲ, ಅಲ್ಲಿಗೆ 78ಕ್ಕೇ ನಿಲುಗಡೆ. ಸಂಪಾಜೆ ಘಾಟಿ ಹತ್ತುವವನಿಗೆ, ತೋಟದ ದರೆ ಏರುವವನಿಗೆ ಇದರಿಂದ ನಷ್ಟವಿಲ್ಲ, ಬದಲಿಗೆ ಲಾಭ. ಮಂಗಳೂರಿಗೆ ಹೋಗುವವನಿಗೆ ಕಿರಿಕಿರಿ. ಅನುಪಾತ ಬದಲಿಸೋಣ ಅಂದರೆ ಫೋರ್‌ವೀಲ್ ಜೀಪಿಗೆ ಹಿಂದೆ ಮುಂದೆ ಎರಡೂ ಬದಲಿಸಬೇಕು, ಇಲ್ಲದಿದ್ದರೆ ಎರಡು ಆಕ್ಸಿಲ್ ಜಗಳಾಡುತ್ತವೆ. ಪ್ಯೂಜೋ 4500ರ ತನಕ ತಿರುಗುತ್ತದೆ, ಈ ತಾಪತ್ರಯ ಅದಕ್ಕಿಲ್ಲ. ಆದರೆ ಬೆಳಿಗ್ಗೆ ಹೀಟರ್ ಕಾಯಬೇಕು. ನನ್ನನ್ನು ಕೇಳಿದರೆ ಊರೊಳಗಿನ ಜೀಪಿಗೆ ಡಿಐ, ಪೇಟೆ ಓಡಾಟಕ್ಕೆ ಪ್ಯೂಜೋ.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಜಪಾನಿನ ಮಾಜ್ದಾ ಆರ್‌ಎಕ್ಸ್-7 ಸ್ಪೋರ್ಟ್ಸ್ ಕಾರಿನ ಎರಡು ರೋಟರಿನ 1308 ಸಿಸಿ ಎಂಜಿನ್ ತೆಗೆದು 1990ರ ಕಾಸ್ಮೊ ಕಾರಿನ ಮೂರು ರೋಟರಿನ 1962 ಸಿಸಿಯದ್ದು ಹಾಕುವ ಹುಚ್ಚಿನವರಿದ್ದಾರೆ. ಒಂದು ರೋಟರಿನಷ್ಟು ಉದ್ದ ಜಾಸ್ತಿಯಾದದ್ದಕ್ಕೆ ಮೌಂಟಿಂಗು, ಅಡ್ಡಪಟ್ಟಿ, ರೇಡಿಯೇಟರು ಎಲ್ಲದಕ್ಕೂ ಕತ್ತರಿ. ಅವರದ್ದು ಶೋಕಿ, ನಮ್ಮವರದ್ದು ಹೊಟ್ಟೆಪಾಡು, ಅಷ್ಟೇ ವ್ಯತ್ಯಾಸ.

ಹಾಗಾದರೆ ಯಾಕೆ ಮಾಡಿಸುತ್ತಿದ್ದರು? ಲೆಕ್ಕಕ್ಕೆ ಲೀಟರಿಗೆ ಪೆಟ್ರೋಲ್ ಜೀಪು 8 ಕಿಮೀ, ಡೀಸೆಲ್ 12, ಡೀಸೆಲ್ ದರ ಪೆಟ್ರೋಲಿನ ಅರ್ಧ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿನ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಿನಾ ಬಾಡಿಗೆ ಓಡಿಸುವವನಿಗೆ ಹಾಕಿದ ದುಡ್ಡು ಬೇಗ ವಾಪಸು. ಮನೆಯ ಜೀಪು, ತಿಂಗಳಿಗೆ ನಾಲ್ಕು ಸಲ ಪುತ್ತೂರು ಪೇಟೆ ಅನ್ನುವವನಿಗೆ ಎಷ್ಟು ವರ್ಷವಾದರೂ ಬರುವುದಿಲ್ಲ. ಅಂಥವರೂ ಮಾಡಿಸಿದ್ದಾರೆ, ಪಕ್ಕದ ಮನೆಯವನು ಮಾಡಿಸಿದ ಅಂತ. 2014ರ ಅಕ್ಟೋಬರಿನಲ್ಲಿ ಸರಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. ಎರಡು ದರಗಳೂ ಒಂದೇ ಅಂದರೆ ಅದೇ ಲೆಕ್ಕದಲ್ಲಿ ಖರ್ಚು ಮೂರರಲ್ಲಿ ಎರಡು ಪಾಲು, ಅಷ್ಟೆ.

ಕಾಗದಪತ್ರದ ಖರ್ಚು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗಳದ್ದೇ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್ ಅಂದರೆ ಇನ್ಶೂರೆನ್ಸಿನವರ ಹತ್ತಿರ ಮಾತಾಡಲಿಕ್ಕೆ ಬಾಯಿಯಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದು ಕೇರಳದಿಂದ ಹೋದ ಕೇಸು. 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಕಾರು ಜೀಪುಗಳ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು.

ತಮಾಷೆ ಅಂದರೆ, ಆಗ ಬಿಚ್ಚಿ ತೂಕಕ್ಕೆ ಹಾಕಿದ ಹರಿಕೇನ್ ಎಂಜಿನ್ನನ್ನೇ ಈಗ ಹಳೆ ಜೀಪಿನ ಹುಚ್ಚಿನವರು ಗುಜರಿ ಗುಜರಿ ಸುತ್ತಿ ಹುಡುಕುತ್ತಾರೆ. ಸಿಕ್ಕಿದರೂ ಕಾರ್ಬೊರೇಟರ್ ಇರುವುದಿಲ್ಲ.