ಯೋನಿಯ ಬ್ಯಾಕ್ಟೀರಿಯಾ ಮತ್ತು ಬ್ಯಾಕ್ಟೀರಿಯಲ್ ವಜೈನೋಸಿಸ್ ಪತ್ತೆ

ಯೋನಿಯಲ್ಲಿ ಸಹಜವಾಗಿ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಕುಗ್ಗಿ, ಅವುಗಳ ಜಾಗದಲ್ಲಿ ಗಾರ್ಡ್ನೆರೆಲ್ಲಾ, ಪ್ರಿವೊಟೆಲ್ಲಾ, ಮೊಬಿಲುಂಕಸ್ ಮೊದಲಾದವು ಹೆಚ್ಚಿಕೊಳ್ಳುವ ಸ್ಥಿತಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎನ್ನುತ್ತಾರೆ. ಹೆರುವ ವಯಸ್ಸಿನ ಹೆಂಗಸರ ಯೋನಿಸ್ರಾವದ ತೊಂದರೆಗೆ ಇರುವ ಮುಖ್ಯ ಕಾರಣಗಳಲ್ಲಿ ಇದೊಂದು. ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜೆನ್ ಶೇಖರವಾಗುತ್ತದೆ. ಅದು ಒಡೆದು ಬಂದ ಸಕ್ಕರೆಯನ್ನು ಲ್ಯಾಕ್ಟೋಬ್ಯಾಸಿಲಸ್ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತದೆ. ಹಾಲು ಹೆಪ್ಪಾಗುವಾಗ ಹುಟ್ಟುವುದೂ ಇದೇ ಆಮ್ಲ. ಇದರಿಂದ ಯೋನಿಯ ಪಿಎಚ್ 4.5ಕ್ಕಿಂತ ಕೆಳಗೆ ನಿಂತು, ಬೇರೆ ಬ್ಯಾಕ್ಟೀರಿಯಾಗಳಿಗೆ ತಲೆಯೆತ್ತಲು ಆಸ್ಪದ ಸಿಗುವುದಿಲ್ಲ. ಈ ಕೋಲಾಕಾರದ ಜೀವಿಗಳನ್ನು ಜರ್ಮನಿಯ ಡೋಡರ್ಲೈನ್ 1892ರಲ್ಲೇ ವಿವರಿಸಿದ್ದ. 1955ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಒಂದೇ ಒಂದು ಬ್ಯಾಕ್ಟೀರಿಯಾದ ಮೇಲೆ ತಪ್ಪು ಹೊರಿಸಿದರು. ಆದರೆ ಆರೋಗ್ಯವಾಗಿರುವ ಹೆಂಗಸರಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ, ಇದು ಹೊರಗಿನಿಂದ ಬಂದ ಒಂದು ರೋಗಾಣುವಿನ ಕೆಲಸವೆನ್ನುವುದಕ್ಕಿಂತ ಇಡೀ ಸಮುದಾಯದ ಏರುಪೇರು ಎಂಬ ತಿಳಿವಳಿಕೆ ಮುಂದೆ ಗಟ್ಟಿಯಾಯಿತು. ಪತ್ತೆಯ ತೊಡಕೆಲ್ಲ ಇಲ್ಲಿಂದಲೇ ಶುರು: ಒಂದು ರೋಗಾಣು ಇದೆಯೋ ಇಲ್ಲವೋ ಎಂದು ನೋಡಿ ತೀರ್ಮಾನ ಕೊಡುವ ಹಾಗಿಲ್ಲ, ಯಾವುದು ಎಷ್ಟಿದೆ ಎಂದು ತೂಗಿ ಹೇಳಬೇಕು.

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೆಂಗಸರು ಆಸ್ಪತ್ರೆಯಲ್ಲಿ ಈ ತೊಂದರೆಯನ್ನು ಹೆಸರಿಟ್ಟು ಹೇಳುವುದು ಕಡಿಮೆ. ‘ಬಿಳಿ ಹೋಗ್ತದೆ’, ‘ಉಷ್ಣ ಆಗಿದೆ’, ‘ಸೊಂಟ ನೋವು, ಸುಸ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕೇಳಿಸಿಕೊಂಡವರು ಮಾತ್ರೆ ಕೊಡುತ್ತಾರೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಇದಕ್ಕೆಂದೇ ಹಸಿರು ಬಣ್ಣದ ಎರಡನೇ ನಂಬರಿನ ಕಿಟ್ ರೂಪಿಸಿದೆ: 2 ಗ್ರಾಂ ಸೆಕ್ನಿಡಜೋಲ್, ಜೊತೆಗೆ 150 ಮಿಲಿಗ್ರಾಂ ಫ್ಲುಕೊನಜೋಲ್. ಬ್ಯಾಕ್ಟೀರಿಯಲ್ ವಜೈನೋಸಿಸ್, ಟ್ರೈಕೊಮೊನಾಸ್, ಕ್ಯಾಂಡಿಡಾ ಮೂರಕ್ಕೂ ಒಂದೇ ಏಟು. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿ ಮದ್ದು ಕೊಡುವ ಈ ಪದ್ಧತಿ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಅದು ನಿಂತಿರುವುದು ದೂರಿಗೂ ಬ್ಯಾಕ್ಟೀರಿಯಾಕ್ಕೂ ನೇರ ಸಂಬಂಧವಿದೆ ಎಂಬ ನಂಬಿಕೆಯ ಮೇಲೆ, ಆ ನಂಬಿಕೆಗೆ ಪುರಾವೆ ಸಾಲದು.

ಕರ್ನಾಟಕದ್ದೇ ಲೆಕ್ಕ ನೋಡಬಹುದು. ಮೈಸೂರಿನ ಎರಡು ಕ್ಲಿನಿಕ್‌ಗಳಲ್ಲಿ 2005ರ ಅಕ್ಟೋಬರಿನಿಂದ 2006ರ ಡಿಸೆಂಬರ್‌ವರೆಗೆ ಪೂರ್ಣಿಮಾ ಮಾಧಿವಣನ್ ಮತ್ತು ಸಂಗಡಿಗರು 15ರಿಂದ 30 ವಯಸ್ಸಿನ 898 ಹೆಂಗಸರನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾ ಗುರುತಿಸಲೆಂದು ಗ್ರಾಂ ಬಣ್ಣ ಹಾಕಿದ ಸ್ಲೈಡ್ ಸಿಕ್ಕಿದ್ದು 863 ಮಂದಿಯದು. ಅವರಲ್ಲಿ 165 ಜನಕ್ಕೆ, ಅಂದರೆ ಶೇ. 19.1ರಷ್ಟು ಮಂದಿಗೆ, ಬ್ಯಾಕ್ಟೀರಿಯಲ್ ವಜೈನೋಸಿಸ್ ಇತ್ತು. ಇನ್ನು ಶೇ. 15.4ರಷ್ಟು ಜನ ಸಹಜ ಸ್ಥಿತಿಗೂ ಇದಕ್ಕೂ ನಡುವಿನ ಸ್ಥಿತಿಯಲ್ಲಿದ್ದರು. ಇದಕ್ಕೆ ಸುಮಾರು ಹತ್ತು ವರ್ಷ ಮೊದಲು ಕರ್ನಾಟಕದಲ್ಲೇ 3,600 ತಾಯಂದಿರನ್ನು ಮಾತಾಡಿಸಿದ ಭಾಟಿಯಾ ಮತ್ತು ಕ್ಲೆಲಂಡ್ ಅವರ ಸಮೀಕ್ಷೆಯಲ್ಲಿ, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಸ್ತ್ರೀರೋಗದ ಒಂದಾದರೂ ಲಕ್ಷಣ ಹೇಳಿಕೊಂಡಿದ್ದರು. ಒಂದು ದೂರಿನ ಲೆಕ್ಕ, ಇನ್ನೊಂದು ಸ್ಲೈಡಿನ ಲೆಕ್ಕ. ಎರಡನ್ನೂ ಒಂದೇ ಜನರಲ್ಲಿ ಹೋಲಿಸಿದ್ದು ನಮ್ಮ ನೆರೆಯ ಗೋವಾದಲ್ಲಿ. ವಿಕ್ರಮ್ ಪಟೇಲ್ ತಂಡ 2005ರಲ್ಲಿ ಪ್ರಕಟಿಸಿದ, 2,494 ಹೆಂಗಸರ ಆ ಅಧ್ಯಯನದಲ್ಲಿ ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಬೇಗುದಿ, ಮನೆಯ ಒತ್ತಡಗಳ ನಂಟೇ ಬಲವಾಗಿ ಕಂಡಿತು. ಉಲ್ಟಾ ದಿಕ್ಕಿನಲ್ಲೂ ಹೊಂದಾಣಿಕೆ ಇಲ್ಲ: 2001–04ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸ್ಲೈಡಿನ ಪ್ರಕಾರ ಈ ಸ್ಥಿತಿಯಿದ್ದವರಲ್ಲಿ ಶೇ. 84ರಷ್ಟು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ. ದೂರನ್ನಷ್ಟೇ ನೆಚ್ಚಿದರೆ ಬೇಡದವರಿಗೆ ಆಂಟಿಬಯೋಟಿಕ್ ಹೋಗುತ್ತದೆ, ಮನೆಯ ಕಷ್ಟ ಹೇಳಲು ಬಂದವಳಿಗೆ ಮಾತ್ರೆಯ ಪೊಟ್ಟಣ ಸಿಗುತ್ತದೆ.

ಹಾಗಾದರೆ ನೋಡುವುದು ಹೇಗೆ? 1983ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ಕೊಟ್ಟ ನಾಲ್ಕು ಗುರುತುಗಳಲ್ಲಿ ಮೂರಿದ್ದರೆ ಸಾಕು: ತೆಳುವಾದ, ಏಕರೂಪದ ಬೂದುಬಿಳಿ ಸ್ರಾವ; 4.5 ಮೀರಿದ ಪಿಎಚ್; ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿದ್ದೊಡನೆ ಏಳುವ ಹಸಿಮೀನಿನ ವಾಸನೆ; ಸೂಕ್ಷ್ಮದರ್ಶಕದಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚು ‘ಕ್ಲೂ’ ಕೋಶಗಳು. ಕ್ಲೂ ಕೋಶವೆಂದರೆ ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡ ಒಳಪದರದ ಕೋಶ. ಪಿಎಚ್ ಕಾಗದವನ್ನು ಯೋನಿಯ ಪಕ್ಕದ ಗೋಡೆಗೇ ತಾಗಿಸಬೇಕು. ಗರ್ಭಕೊರಳಿನ ಲೋಳೆ, ಮುಟ್ಟಿನ ರಕ್ತ, ವೀರ್ಯ ಇವೆಲ್ಲ ಪಿಎಚ್ ಏರಿಸಿ ದಾರಿ ತಪ್ಪಿಸುತ್ತವೆ. 1991ರ ನ್ಯೂಜೆಂಟ್ ಅಂಕ ಇನ್ನೂ ಕಟ್ಟುನಿಟ್ಟು. ಬಣ್ಣ ಹಾಕಿದ ಸ್ಲೈಡಿಗೆ ಎಣ್ಣೆಯ ಹನಿ ಬಿಟ್ಟು ಸಾವಿರ ಪಟ್ಟು ಹಿಗ್ಗಿಸಿ ನೋಡಿದಾಗ, ದಪ್ಪನೆಯ ನೇರಳೆ ಕೋಲುಗಳು ಒಂದು ನೋಟದಲ್ಲಿ ಮೂವತ್ತಕ್ಕಿಂತ ಹೆಚ್ಚಿದ್ದರೆ ಸೊನ್ನೆ, ಒಂದೂ ಇಲ್ಲದಿದ್ದರೆ ನಾಲ್ಕು ಅಂಕ. ಬಣ್ಣ ಸರಿಯಾಗಿ ಹಿಡಿಯದ ಪುಟ್ಟ ಮೊಟ್ಟೆಯಾಕಾರದವು ಹೆಚ್ಚಿದಷ್ಟೂ ನಾಲ್ಕರವರೆಗೆ, ಬಾಗಿದ ಸಣ್ಣ ಕೋಲುಗಳಿಗೆ ಎರಡರವರೆಗೆ. ಮೊತ್ತ 0–3 ಬಂದರೆ ಸಹಜ, 4–6 ನಡುವಿನದು, 7–10 ಬಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್.

ಊರೂರು ದೂರವಿರುವ ಮಲೆನಾಡಿನಲ್ಲಿ ಇದೆಲ್ಲ ಆಗುವ ಮಾತೇ ಎಂಬುದು ಮೊದಲ ಆಕ್ಷೇಪ. ಹೊನ್ನೆಮರಡು ಲಿಂಗನಮಕ್ಕಿ ಹಿನ್ನೀರಿನ ದಡದ ಊರು. ಸಾಗರದ ಆಸ್ಪತ್ರೆಗೆ ಸುಮಾರು 25 ಕಿ.ಮೀ. ಹಿನ್ನೀರಿನಾಚೆಯ ತುಮರಿ ಕಡೆಯವರಿಗಂತೂ 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಲಾಂಚೇ ಗತಿ. ಕ್ಲೂ ಕೋಶಕ್ಕೆಂದು ಮಾಡುವ ಹಸಿ ಸ್ಲೈಡನ್ನು ಆಗಿಂದಾಗಲೇ ನೋಡಬೇಕು, ನಿಜ. ಆದರೆ ಗ್ರಾಂ ಬಣ್ಣದ ಸ್ಲೈಡಿಗೆ ಆ ಅವಸರವಿಲ್ಲ. ಗಾಜಿಗೆ ಸವರಿ ಒಣಗಿಸಿಟ್ಟರೆ ದಿನಗಳ ಮೇಲೆ ಓದಿದರೂ ನಡೆಯುತ್ತದೆ, ಮಂಜುಗಡ್ಡೆಯೂ ಬೇಕಿಲ್ಲ. ಇದೇ ಸೀಮೆಯ ಅರಳಗೋಡಿನಲ್ಲಿ ಮಂಗನಕಾಯಿಲೆ ಹಬ್ಬಿದ 2018–19ರಲ್ಲಿ ತಣ್ಣಗಿಟ್ಟು ಸಾಗಿಸಬೇಕಾದ ರಕ್ತದ ಮಾದರಿಗಳೇ ಈ ಕಾಡುದಾರಿಗಳನ್ನು ದಾಟಿ ಹೋಗಿದ್ದವು. ಒಣ ಗಾಜಿನ ತುಂಡಿಗೆ ದಾರಿ ಇಲ್ಲವೆನ್ನುವುದು ನೆಪ. ಕಫ ಪರೀಕ್ಷೆಗೆಂದು ಕೊಂಡ ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಟೆಕ್ನೀಷಿಯನ್ ಹಲವು ಕಡೆ ಈಗಾಗಲೇ ಇದ್ದಾರೆ. ಹೆಚ್ಚುವರಿಯಾಗಿ ಬೇಕಾದದ್ದು ಕೆಲವು ಬಣ್ಣದ ಸೀಸೆಗಳು, ಎಣಿಸುವ ತರಬೇತಿ. ಒಳಪರೀಕ್ಷೆಗೆ ಹೆಂಗಸರು ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಒಪ್ಪಬೇಕಾಗಿಯೂ ಇಲ್ಲ: ಪರದೆಯ ಹಿಂದೆ ಅವಳೇ ತೆಗೆದುಕೊಟ್ಟ ಸ್ವ್ಯಾಬ್ ಈ ಪರೀಕ್ಷೆಗೆ ಸಾಕೆಂದು ಅಧ್ಯಯನಗಳು ತೋರಿಸಿವೆ. ಹೊಟ್ಟೆನೋವು, ಜ್ವರ, ರಕ್ತಸ್ರಾವ ಇದ್ದರೆ ಮಾತ್ರ ವೈದ್ಯರೇ ನೋಡಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ‘ಸಹಜ’ ಎಂಬ ಅಳತೆ ಯಾರದ್ದು? 2011ರಲ್ಲಿ ಜಾಕ್ ರಾವೆಲ್ ತಂಡ ಅಮೆರಿಕದ 396 ಮಂದಿ ಲಕ್ಷಣವಿಲ್ಲದ ಹೆಂಗಸರ ಯೋನಿಯ ಬ್ಯಾಕ್ಟೀರಿಯಾಗಳನ್ನು ಡಿಎನ್ಎ ಮೂಲಕ ಗುರುತಿಸಿ ಐದು ಬಗೆಯ ಸಮುದಾಯಗಳನ್ನು ಕಂಡಿತು. ನಾಲ್ಕರಲ್ಲಿ ಒಂದಲ್ಲ ಒಂದು ಲ್ಯಾಕ್ಟೋಬ್ಯಾಸಿಲಸ್ ಮೇಲುಗೈ. ಉಳಿದ ಒಂದರಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಬೆರೆತಿದ್ದವು, ಅದು ಕಪ್ಪು ಮತ್ತು ಹಿಸ್ಪಾನಿಕ್ ಹೆಂಗಸರಲ್ಲಿ ಹೆಚ್ಚು. ಆರೋಗ್ಯವಾಗಿಯೇ ಇರುವವರನ್ನು ಅಂಕದ ಬಲದಿಂದ ರೋಗಿಗಳೆಂದು ಕರೆಯುವ ಅಪಾಯ ಇಲ್ಲಿದೆ. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ಅದರಿಂದ ಸ್ಲೈಡ್ ಬೇಡವೆಂದಾಗುವುದಿಲ್ಲ. ಸ್ಲೈಡ್ ಒಂದನ್ನೇ ನೋಡಿ, ದೂರಿಲ್ಲದವಳಿಗೆ ಮದ್ದು ಕೊಡಬಾರದು ಎಂದಷ್ಟೇ ಆಗುತ್ತದೆ. ಬಸುರಿಯರಲ್ಲೂ ಇದೇ ಮಾತು: ಈ ಸ್ಥಿತಿಗೂ ದಿನ ತುಂಬುವ ಮೊದಲಿನ ಹೆರಿಗೆಗೂ ನಂಟಿದ್ದರೂ, ಫ್ರಾನ್ಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪಾಯ ಕಡಿಮೆಯಿರುವ ಬಸುರಿಯರಿಗೆ ಮೊದಲ ತಿಂಗಳುಗಳಲ್ಲೇ ಕ್ಲಿಂಡಮೈಸಿನ್ ಕೊಟ್ಟರೂ ಅಂಥ ಹೆರಿಗೆ ಕಡಿಮೆಯಾಗಲಿಲ್ಲ.

ಮಾತ್ರೆ ಕೊಟ್ಟರೇನು ನಷ್ಟ ಎನ್ನುವವರಿಗೆ ಉತ್ತರ, ಮತ್ತೆ ಮರಳುವ ಈ ತೊಂದರೆಯ ಸ್ವಭಾವದಲ್ಲೇ ಇದೆ. ದಿನಕ್ಕೆರಡರಂತೆ ಏಳು ದಿನ ಮೆಟ್ರೊನಿಡಜೋಲ್ ನುಂಗಿದರೆ ಬಹುತೇಕರಿಗೆ ಗುಣವಾಗುತ್ತದೆ. ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಿರುಗಿ ಬರುತ್ತದೆ. ಒಳಪದರಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾ ಪೊರೆಯನ್ನು ಮದ್ದು ಪೂರ್ತಿ ಕೀಳಲಾರದು. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಇರುವ ಲ್ಯಾಕ್ಟೋಬ್ಯಾಸಿಲಸ್‌ಗೂ ಏಟು. ಮೊದಲ ಸಲ ಏನಿತ್ತೆಂದೇ ನೋಡದವರು, ಎರಡನೇ ಸಲ ಬಂದದ್ದು ಹಳೆಯದೋ ಹೊಸದೋ ಎಂದು ಹೇಗೆ ಹೇಳಿಯಾರು? 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ಈ ಪ್ರಶ್ನೆಯನ್ನು ಮನೆಯೊಳಕ್ಕೂ ತಂದಿದೆ: ಒಬ್ಬನೇ ಸಂಗಾತಿಯಿರುವ ದಂಪತಿಗಳಲ್ಲಿ ಹೆಂಡತಿಯ ಜೊತೆ ಗಂಡನಿಗೂ ಮಾತ್ರೆ ಮತ್ತು ಹಚ್ಚುವ ಕ್ರೀಂ ಕೊಟ್ಟಾಗ, ಹನ್ನೆರಡು ವಾರದಲ್ಲಿ ತೊಂದರೆ ಮರಳಿದ್ದು ಶೇ. 35ರಷ್ಟು ಮಂದಿಗೆ, ಹೆಂಡತಿಗೆ ಮಾತ್ರ ಮದ್ದು ಕೊಟ್ಟಲ್ಲಿ ಶೇ. 63ರಷ್ಟು ಮಂದಿಗೆ. ಗಂಡನನ್ನೂ ಕರೆತಾ ಎಂದು ಹೇಳಿ ಕಳಿಸುವ ಮೊದಲು ಕೈಯಲ್ಲಿ ಓದಿದ ಸ್ಲೈಡ್ ಇರಬೇಕು. ಬರೀ ಊಹೆಯ ಮೇಲೆ ಹಾಗೆ ಕಳಿಸಿದರೆ ಅವನೂ ಬರುವುದಿಲ್ಲ, ಅವಳೂ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.