ಕೆಲಸದ ಜಾಗ ಬದಲಾದಾಗ ಯಂತ್ರದ ವಿಮೆಯೂ ಜೊತೆಗೆ ಬರುತ್ತದೆಯೇ? – ಗುತ್ತಿಗೆದಾರರು ತಿಳಿದಿರಬೇಕಾದ ಸಂಗತಿಗಳು

ವಿದ್ಯಾನಗರ, ಚೆರ್ಕಳ ಪರಿಸರದ ಕಟ್ಟಡ ಗುತ್ತಿಗೆದಾರರ ಯಂತ್ರಗಳಿಗೆ ಖಾಯಂ ವಿಳಾಸ ಎಂಬುದಿಲ್ಲ. ಈ ವಾರ ನಾಯಮ್ಮಾರಮೂಲೆಯಲ್ಲಿ ಮನೆ ಕೆಲಸ, ಮುಂದಿನ ವಾರ ಮುಳ್ಳೇರಿಯದಲ್ಲಿ ಶಾಲಾ ಕಟ್ಟಡ, ಆಮೇಲೆ ಜಾಲ್ಸೂರು ದಾಟಿ ಸುಳ್ಯ, ಇಲ್ಲವೇ ಪೆರ್ಲ, ಸಾರಡ್ಕ ಮಾರ್ಗವಾಗಿ ವಿಟ್ಲ. ಕಾಂಕ್ರೀಟ್ ಮಿಕ್ಸರ್, ವೈಬ್ರೇಟರ್, ಜನರೇಟರ್, ಕಟ್ಟಿಂಗ್ ಮೆಷಿನ್, ಸೆಂಟ್ರಿಂಗ್ ಶೀಟುಗಳು ಪಿಕಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ಅನೇಕವು ಬ್ಯಾಂಕ್ ಸಾಲದಲ್ಲಿ ಕೊಂಡವು. ಒಂದು ರಾತ್ರಿ ಕಳವಾದರೆ ಯಂತ್ರವೂ ಇಲ್ಲ, ಕೂಲಿಯೂ ಇಲ್ಲ, ಸಾಲದ ಕಂತು ಮಾತ್ರ ತಪ್ಪದು.

"ವಿಮೆ ಮಾಡಿಸಿದ್ದೇನೆ" ಎಂದುಕೊಂಡವರಿಗೂ ಪರಿಹಾರ ಸಿಗದೆ ಹೋಗುವುದುಂಟು. ಯಂತ್ರಕ್ಕೆ ಮೂರು ಸ್ಥಿತಿಗಳಿವೆ: ಕೆಲಸದ ಜಾಗದಲ್ಲಿರುವುದು, ರಸ್ತೆಯಲ್ಲಿ ಸಾಗುತ್ತಿರುವುದು, ಕೆಲಸವಿಲ್ಲದಾಗ ಶೆಡ್ಡಿನಲ್ಲಿರುವುದು. ಸಾಮಾನ್ಯವಾಗಿ ಒಂದೇ ಪಾಲಿಸಿ ಈ ಮೂರನ್ನೂ ತಾನಾಗಿಯೇ ಒಳಗೊಳ್ಳುವುದಿಲ್ಲ. ಮೂರಕ್ಕೂ ರಕ್ಷಣೆ ಬೇಕಿದ್ದರೆ ಕೇಳಿ ಬರೆಸಿಕೊಳ್ಳಬೇಕು.

ಕೆಲಸದ ಜಾಗದಲ್ಲಿ

ಗುತ್ತಿಗೆದಾರರ ಯಂತ್ರಗಳಿಗೆಂದೇ ಇರುವುದು ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮೆಷಿನರಿ ಪಾಲಿಸಿ. ವಿಮಾ ಕಚೇರಿಗಳಲ್ಲಿ ಇದನ್ನು ಚಿಕ್ಕದಾಗಿ ಸಿಪಿಎಂ ಎನ್ನುತ್ತಾರೆ. ಸರಕಾರಿ ರಂಗದ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಕಂಪೆನಿಗಳಲ್ಲೂ ಖಾಸಗಿ ಕಂಪೆನಿಗಳಲ್ಲೂ ಇದು ಲಭ್ಯ. ಬೆಂಕಿ, ಕಳವು, ನೆರೆ, ಗುಡ್ಡ ಕುಸಿತ, ಯಂತ್ರ ಮಗುಚುವುದು, ಡಿಕ್ಕಿ ಮುಂತಾದ ಹೊರಗಿನ ಕಾರಣದಿಂದ ಹಠಾತ್ತಾಗಿ ಉಂಟಾಗುವ ಹಾನಿಗೆ ಇದರಲ್ಲಿ ರಕ್ಷಣೆ ಇದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಕುಸಿದುದನ್ನು ಕಂಡವರಿಗೆ ಗುಡ್ಡದ ಬುಡದಲ್ಲಿ ಯಂತ್ರ ನಿಲ್ಲಿಸುವುದರ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ.

ಇದರಲ್ಲಿ ಸೇರದವುಗಳನ್ನೂ ತಿಳಿದಿರಬೇಕು. ಯಂತ್ರದೊಳಗಿನ ಯಾಂತ್ರಿಕ ಅಥವಾ ವಿದ್ಯುತ್ ದೋಷ, ಸವೆತ, ತುಕ್ಕು ಇದಕ್ಕೆ ಬರುವುದಿಲ್ಲ. ಡ್ರಿಲ್ಲಿಂಗ್ ಬಿಟ್, ಬ್ಲೇಡ್, ಬೆಲ್ಟ್, ಚೈನ್, ಟಯರ್ ಮುಂತಾದ ಆಗಾಗ ಬದಲಿಸುವ ಭಾಗಗಳು ಮಾತ್ರ ಹಾಳಾದರೆ ಅದೂ ಬರುವುದಿಲ್ಲ. ಉಬ್ಬರದ ನೀರಿನಲ್ಲಿ ಯಂತ್ರ ಮುಳುಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆ ಬಳಿ ಕೆಲಸ ವಹಿಸಿಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಸ್ಟಾಕ್ ಲೆಕ್ಕ ತೆಗೆಯುವಾಗ ಮಾತ್ರ "ಇದೊಂದು ಕಾಣುತ್ತಿಲ್ಲ" ಎಂದು ಗೊತ್ತಾದ ನಷ್ಟವನ್ನೂ ಕಂಪೆನಿ ಒಪ್ಪುವುದಿಲ್ಲ.

ಪಾಲಿಸಿಯಲ್ಲಿ ಯಂತ್ರವಿರುವ ಸ್ಥಳವನ್ನು ನಮೂದಿಸುವ ಕಾಲಂ ಇರುತ್ತದೆ. ಅಲ್ಲಿ ಒಂದೇ ಕಟ್ಟಡದ ವಿಳಾಸವಿದ್ದರೆ ಸುಳ್ಯದಲ್ಲಾದ ನಷ್ಟಕ್ಕೆ ತಕರಾರು ಖಂಡಿತ. ಹಲವು ಕಡೆ ಕೆಲಸ ಮಾಡುವವರು "ಭಾರತದಲ್ಲಿ ಎಲ್ಲಿದ್ದರೂ" ಅನ್ವಯಿಸುವ ಫ್ಲೋಟರ್ ರೀತಿಯ ರಕ್ಷಣೆಯನ್ನು ಕೇಳಬೇಕು. "ಕೇರಳ" ಎಂದಷ್ಟೇ ಬರೆದಿದ್ದರೆ ಅದು ತಲಪಾಡಿಯಲ್ಲೇ ಮುಗಿಯುತ್ತದೆ.

ರಸ್ತೆಯಲ್ಲಿ

ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಆಗುವ ಹಾನಿಯನ್ನು ಸಿಪಿಎಂ ಪಾಲಿಸಿ ಸಾಮಾನ್ಯವಾಗಿ ಹೊರಗಿಡುತ್ತದೆ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು, ಇಲ್ಲವೇ ಬೇರೆಯೇ ಟ್ರಾನ್ಸಿಟ್ ಪಾಲಿಸಿ ಮಾಡಿಸಬೇಕು. ಟ್ರಾನ್ಸಿಟ್ ವಿಮೆಯಲ್ಲಿ ಎ, ಬಿ, ಸಿ ಎಂಬ ಮೂರು ಬಗೆ. ಸಿ ಬಗೆಯಲ್ಲಿ ಬೆಂಕಿ ಮತ್ತು ಸಿಡಿಲಿಗೆ ಮಾತ್ರ ರಕ್ಷಣೆ. ಬಿ ಬಗೆಯಲ್ಲಿ ವಾಹನ ಡಿಕ್ಕಿ, ಪಲ್ಟಿ, ಸೇತುವೆ ಮುರಿತ ಸೇರುತ್ತವೆ. ಕಳವು ಸಹಿತ ಹೆಚ್ಚಿನ ಅಪಾಯಗಳು ಸೇರುವುದು ಎ ಬಗೆಯಲ್ಲಿ. ಅಗ್ಗವೆಂದು ಸಿ ಆರಿಸಿದವರಿಗೆ ಪಿಕಪ್‌ನಿಂದ ಜನರೇಟರ್ ಕಳವಾದರೆ ಪ್ರಯೋಜನವಾಗದು. ಪಿಕಪ್‌ನ ಸ್ವಂತ ವಾಹನ ವಿಮೆ ಅದರಲ್ಲಿ ಹೇರಿದ ಸಾಮಾನಿಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಜೆಸಿಬಿ, ಕ್ರೇನ್, ಬೋರ್‌ವೆಲ್ ಲಾರಿ

ನೋಂದಣಿ ಇರುವ, ರಸ್ತೆಯಲ್ಲಿ ಓಡುವ ಯಂತ್ರಗಳಿಗೆ 1988ರ ಮೋಟಾರು ವಾಹನ ಕಾಯಿದೆ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಕಾಂಪ್ರಹೆನ್ಸಿವ್ ವಿಮೆ ಮಾಡಿಸಿದವರೂ ಪಾಲಿಸಿಯಲ್ಲಿ "ಐಎಂಟಿ 47" ಎಂಬ ಷರತ್ತು ಇದೆಯೇ ಎಂದು ನೋಡಬೇಕು. ಯಂತ್ರವು ಮಣ್ಣು ಅಗೆಯುವುದು, ಭಾರ ಎತ್ತುವುದು ಮುಂತಾದ ಕೆಲಸದಲ್ಲಿ ತೊಡಗಿದ್ದಾಗ ಮಗುಚಿ ಬಿದ್ದರೆ ಆ ಹಾನಿಗೆ ಕಂಪೆನಿ ಹೊಣೆಯಲ್ಲ ಎಂದು ಇದು ಹೇಳುತ್ತದೆ. ಅಂದರೆ ಮಾರ್ಗದಲ್ಲಿ ಹೋಗುವಾಗ ಬಿದ್ದರೆ ಒಂದು ಲೆಕ್ಕ, ತೋಟದ ಬರೆಯಲ್ಲಿ ಅಗೆಯುವಾಗ ಬಿದ್ದರೆ ಇನ್ನೊಂದು ಲೆಕ್ಕ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ಮಗುಚುವ ಅಪಾಯವನ್ನೂ ಸೇರಿಸಿಕೊಳ್ಳಬಹುದು. ಗುಡ್ಡ ಪ್ರದೇಶದಲ್ಲಿ ಕೆಲಸ ಮಾಡುವವರು ಇದನ್ನು ಬಿಡಬಾರದು. ಚೈನಿನಲ್ಲಿ ನಡೆಯುವ, ಟ್ರೈಲರ್‌ನಲ್ಲಿ ಸಾಗಿಸುವ ಹಿಟಾಚಿಯಂಥವುಗಳಿಗೆ ಸಿಪಿಎಂ ಜೊತೆ ಟ್ರಾನ್ಸಿಟ್ ರಕ್ಷಣೆ ಬೇಕು.

ಶೆಡ್ಡಿನಲ್ಲಿ

ಸೆಂಟ್ರಿಂಗ್ ಶೀಟು, ಜಾಕಿ, ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್ ಮುಂತಾದವನ್ನು ಹೆಚ್ಚಿನವರು ಕಳವು ವಿಮೆಯಲ್ಲಿ ಸೇರಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬರ್ಗ್ಲರಿ ಪಾಲಿಸಿಯಲ್ಲಿ ಪರಿಹಾರ ಸಿಗಬೇಕಿದ್ದರೆ ಬೀಗ, ಬಾಗಿಲು ಅಥವಾ ಮಾಡು ಒಡೆದು ಒಳನುಗ್ಗಿದ ಗುರುತು ಬೇಕು. ತೆರೆದ ಜಾಗದಲ್ಲಿಟ್ಟದ್ದು ಮಾಯವಾದರೆ ಅದು ಬರೇ ಕಳವು. ಅದನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಹಣ ಬರುವುದಿಲ್ಲ.

ಪೊಲೀಸರಿಗೆ ಕೊಡುವ ಹೇಳಿಕೆಯಲ್ಲೂ ಇದೇ ಭೇದ ಮುಖ್ಯ. ಮಲಯಾಳದಲ್ಲಿ ಬರೆಯುವ ಎಫ್‌ಐಆರ್‌ನಲ್ಲಿ "ಮೋಷಣಂ" ಎಂದರೆ ಕಳವು, "ಭವನಭೇದನಂ" ಎಂದರೆ ಕನ್ನ ಹಾಕಿ ಒಳನುಗ್ಗಿದ್ದು. ಬೀಗ ಮುರಿದದ್ದು ನಿಜವಾಗಿದ್ದರೆ ಅದು ಹೇಳಿಕೆಯಲ್ಲಿ ದಾಖಲಾಗಿದೆಯೇ ಎಂದು ಸಹಿ ಹಾಕುವ ಮೊದಲು ಓದಿಸಿ ಕೇಳಿರಿ.

ಎಷ್ಟು ಮೊತ್ತಕ್ಕೆ?

ಸಿಪಿಎಂನಲ್ಲಿ ವಿಮಾ ಮೊತ್ತ ಎಂದರೆ ನೀವು ಕೊಂಡ ಬೆಲೆಯಲ್ಲ, ಅದೇ ಸಾಮರ್ಥ್ಯದ ಹೊಸ ಯಂತ್ರದ ಇಂದಿನ ಬೆಲೆ, ಸಾಗಾಟ ವೆಚ್ಚ ಸೇರಿ. ಉದಾಹರಣೆಗೆ, ಹೊಸತಕ್ಕೆ 1,20,000 ರೂ. ಇರುವ ಮಿಕ್ಸರನ್ನು ಹಳೆಯದಾಗಿ 60,000 ರೂ.ಗೆ ಕೊಂಡು ಅಷ್ಟಕ್ಕೇ ವಿಮೆ ಮಾಡಿಸಿದರೆ ಅದು ಅರ್ಧ ವಿಮೆ. ರಿಪೇರಿಗೆ 20,000 ರೂ. ಆದರೆ ಲೆಕ್ಕಕ್ಕೆ ಬರುವುದು 10,000 ರೂ. ಅದರಲ್ಲೂ ನೀವೇ ಭರಿಸಬೇಕಾದ ಭಾಗವನ್ನು ಕಳೆಯುತ್ತಾರೆ. ಯಂತ್ರ ಪೂರ್ತಿ ನಾಶವಾದರೆ ಸವಕಳಿ ಕಳೆದು ಕೊಡುತ್ತಾರೆ.

ಪ್ರೀಮಿಯಂ ಕಂಪೆನಿಗೆ ಮುಂಗಡವಾಗಿ ಸಂದಾಯವಾಗದೆ ರಕ್ಷಣೆ ಆರಂಭವಾಗದು ಎಂದು 1938ರ ವಿಮಾ ಕಾಯಿದೆಯ 64ವಿಬಿ ಸೆಕ್ಷನ್ ಹೇಳುತ್ತದೆ. "ನಾಳೆ ಕಟ್ಟುತ್ತೇನೆ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಗಡಿಯಾಚೆ ಕಳವಾದರೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ಸ್ವೀಕರಿಸಬೇಕು. ಕಳವು ಸುಳ್ಯದಲ್ಲೋ ಆದೂರಿನಲ್ಲೋ ಎಂಬ ಗೊಂದಲದಲ್ಲಿ ದಿನ ಕಳೆಯಬೇಡಿ. ದಾಖಲಾದ ಮಾಹಿತಿಯ ಪ್ರತಿ ದೂರುದಾರರಿಗೆ ಉಚಿತ. ವಿಮಾ ಕಂಪೆನಿಗೂ ಅಂದೇ ಫೋನಿನಲ್ಲಿ ಹಾಗೂ ಬರಹದಲ್ಲಿ ತಿಳಿಸಬೇಕು. ಅನೇಕ ಸಿಪಿಎಂ ಪಾಲಿಸಿಗಳಲ್ಲಿ 14 ದಿನಗಳೊಳಗೆ ತಿಳಿಸದಿದ್ದರೆ ಹೊಣೆಯಿಲ್ಲ ಎಂಬ ಷರತ್ತಿದೆ.

ಜಿಎಸ್‌ಟಿ ನೋಂದಣಿ ಇರುವವರು 50,000 ರೂ. ಮೀರಿದ ಸಾಮಗ್ರಿಯನ್ನು ರಾಜ್ಯದ ಹೊರಗೆ ಒಯ್ಯುವಾಗ ಡೆಲಿವರಿ ಚಲನ್, ಇ-ವೇ ಬಿಲ್ ಮಾಡಿಸಬೇಕಾಗುತ್ತದೆ. ಯಂತ್ರ ಯಾವ ದಿನ ಎಲ್ಲಿಗೆ ಹೋಯಿತು ಎಂಬುದಕ್ಕೆ ಇದೇ ಒಳ್ಳೆಯ ಸಾಕ್ಷಿ. ಬಿಲ್, ಸೀರಿಯಲ್ ನಂಬ್ರ, ಫೋಟೋ ಇವುಗಳ ಒಂದು ಪ್ರತಿ ಮನೆಯಲ್ಲೂ ಇರಲಿ.

ಕ್ಲೇಮ್ ತಿರಸ್ಕೃತವಾದರೆ

ಮೊದಲು ಕಂಪೆನಿಯ ದೂರು ಪರಿಹಾರ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ನೀಡಬಹುದು. ಕೇರಳಕ್ಕೆ ಕೊಚ್ಚಿಯಲ್ಲಿ, ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಒಬ್ಬರೇ ಮಾಲಕರಾಗಿರುವ ಸಂಸ್ಥೆಗಳೂ ಅತಿಸಣ್ಣ ಉದ್ದಿಮೆಗಳೂ ಇಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಇನ್ನೊಂದು ದಾರಿ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಎರಡು ವರ್ಷ ಅವಧಿ. ನಷ್ಟ ತುಂಬಿಕೊಳ್ಳಲು ವ್ಯಾಪಾರಿಯೊಬ್ಬ ಮಾಡಿಸುವ ವಿಮೆಯೂ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ಸಹಿ ಹಾಕುವ ಮೊದಲು ಕೇಳಬೇಕಾದವು

1. ರಾಜ್ಯ ದಾಟಿದರೂ ರಕ್ಷಣೆ ಇದೆಯೇ?
2. ಪಿಕಪ್‌ನಲ್ಲಿ ಸಾಗಿಸುವಾಗ, ರಾತ್ರಿ ಪಿಕಪ್ ನಿಲ್ಲಿಸಿ ಹೋದಾಗ?
3. ಕಾವಲುಗಾರನಿಲ್ಲದ ತೆರೆದ ಜಾಗದ ಕಳವಿಗೆ?
4. ಕೆಲಸ ಮಾಡುವಾಗ ಮಗುಚಿದರೆ?
5. ಬಾಡಿಗೆಗೆ ತಂದ ಅಥವಾ ಕೊಟ್ಟ ಯಂತ್ರಕ್ಕೆ?
6. ಪ್ರತಿ ಕ್ಲೇಮಿನಲ್ಲಿ ನಾವು ಭರಿಸಬೇಕಾದ ಮೊತ್ತ ಎಷ್ಟು?

ಉತ್ತರ ಬಾಯಿಮಾತಿನಲ್ಲಿ ಬೇಡ, ಪಾಲಿಸಿಯ ಹಾಳೆಯಲ್ಲೇ ಎಲ್ಲಿದೆ ಎಂದು ತೋರಿಸಲು ಹೇಳಿರಿ. ಪಾಲಿಸಿ ಇಂಗ್ಲಿಷಿನಲ್ಲಿರುತ್ತದೆ. ಓದಲು ಕಷ್ಟವಾದರೆ ಮನೆಯಲ್ಲಿ ಕಲಿತ ಮಕ್ಕಳಿಂದಾದರೂ ಹೊರಗಿಟ್ಟ ಸಂಗತಿಗಳ ಪುಟವನ್ನು ಒಮ್ಮೆ ಓದಿಸಿಕೊಳ್ಳಿ.