ಮಾರುಕಟ್ಟೆಯ ಯುಗದಲ್ಲಿ ಸರ್ಕಾರದ ಪಾತ್ರ: ಬೆಂಗಳೂರಿನ ಪೂರ್ವಭಾಗದ ನಿದರ್ಶನ

1991ರ ಜುಲೈ ತಿಂಗಳಿನಲ್ಲಿ ಭಾರತ ಸರ್ಕಾರವು ನೂತನ ಕೈಗಾರಿಕಾ ನೀತಿಯನ್ನು ಘೋಷಿಸಿ ಪರವಾನಗಿಯ ಬಂಧನವನ್ನು ಬಹುಮಟ್ಟಿಗೆ ಸಡಿಲಿಸಿದ ತರುವಾಯ, ಆರ್ಥಿಕ ಕ್ಷೇತ್ರದಿಂದ ಪ್ರಭುತ್ವವು ಹಿಂದೆ ಸರಿಯಿತೆಂಬ ನಂಬಿಕೆಯು ವಿದ್ವಾಂಸರಲ್ಲಿಯೂ ಬೇರೂರಿದೆ. ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರದವರೆಗೂ, ಅಲ್ಲಿಂದ ಮುಂದೆ ವೈಟ್‌ಫೀಲ್ಡಿನವರೆಗೂ ಹಬ್ಬಿರುವ ಭೂಭಾಗದ ಚರಿತ್ರೆಯು ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಅಲ್ಲಿ ಉತ್ಪಾದಕನಾಗಿದ್ದ ಸರ್ಕಾರವು ಉತ್ಪಾದಕರಿಗೆ ನೆಲವನ್ನೂ ಸಂಪರ್ಕವನ್ನೂ ಒದಗಿಸುವ ಭೂಮಾಲಿಕನಾಯಿತು. ಹಾಗೆ ಮಾರ್ಪಡುವಾಗ ಶ್ರಮಿಕರ ವಿಷಯದಲ್ಲಿ ತನಗಿದ್ದ ಹೊಣೆಯನ್ನು ಇಳಿಸಿಟ್ಟಿತೆಂಬುದೇ ಈ ಲೇಖನದ ಪ್ರತಿಪಾದನೆ.

1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದೊಡನೆ ಸ್ಥಾಪಿಸಿದ ವಿಮಾನ ಕಾರ್ಖಾನೆ, 1948ರ ದೂರವಾಣಿ ಉಪಕರಣಗಳ ಕಾರ್ಖಾನೆ ಐ.ಟಿ.ಐ., 1956ರಲ್ಲಿ ಜರ್ಮನಿಯ ಎ.ಇ.ಜಿ. ಸಂಸ್ಥೆಯ ತಾಂತ್ರಿಕ ನೆರವಿನೊಡನೆ ಹುಟ್ಟಿದ ಬೈಯ್ಯಪ್ಪನಹಳ್ಳಿಯ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್.ಜಿ.ಇ.ಎಫ್. ಇವೆಲ್ಲವೂ ಈ ಸೀಮೆಯವೇ. ಐ.ಟಿ.ಐ. ಕಾರ್ಖಾನೆಯ ಸುತ್ತ ಬೆಳೆದ ದೂರವಾಣಿನಗರದಲ್ಲಿ ಕಾರ್ಮಿಕನಿಗೆ ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ, ಕುಟುಂಬಕ್ಕೆ ಆಸ್ಪತ್ರೆ, ಪಾಳಿಗೆ ಕಾರ್ಖಾನೆಯ ಬಸ್ಸು ಇದ್ದುವು. ಟೆಲಿಫೋನು ಇಲಾಖೆಯೊಂದೇ ಮುಖ್ಯ ಗ್ರಾಹಕನಾಗಿದ್ದುದರಿಂದ ಸ್ಪರ್ಧೆಯ ಅಭ್ಯಾಸವು ಅದಕ್ಕೆ ಇರಲಿಲ್ಲವೆಂಬ ಆಕ್ಷೇಪವು ಯಥಾರ್ಥವೇ ಆಗಿದೆ; ಆದರೆ ಒಡೆಯನೂ ಗ್ರಾಹಕನೂ ತಾನೇ ಆಗಿದ್ದ ಸರ್ಕಾರವು, ಖಾಸಗಿ ತಯಾರಕರಿಗೆ ಬಾಗಿಲನ್ನು ತೆರೆಯುವಾಗ, ತನ್ನ ಕಾರ್ಖಾನೆಯನ್ನು ಆ ಸ್ಪರ್ಧೆಗೆ ಅಣಿಗೊಳಿಸದೆ ಹೋದುದು ಕ್ಷಮಾರ್ಹವೆಂದು ನಾನು ಭಾವಿಸಲಾರೆ. ಎನ್.ಜಿ.ಇ.ಎಫ್. ಅಂತೂ ಈ ಶತಮಾನದ ಆರಂಭದಲ್ಲಿಯೇ ಮುಚ್ಚಿಹೋಯಿತು.

ಇತ್ತ ಹೊಸ ಉದ್ಯಮವಾದರೂ ಸರ್ಕಾರದ ಹಸ್ತವಿಲ್ಲದೆ ಬೆಳೆಯಲಿಲ್ಲ. 1985ರಲ್ಲಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಗೆ ಉಪಗ್ರಹ ಸಂಪರ್ಕವು ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಂದಲೇ ಲಭಿಸಿತು; 1991ರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯು ಅಂತಹ ಸಂಪರ್ಕವನ್ನು ಸಣ್ಣ ಸಂಸ್ಥೆಗಳಿಗೂ ತಲಪಿಸಿತು. 1994ರಲ್ಲಿ ರೂಪುಗೊಂಡ ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿ ಟಾಟಾ ಸಂಸ್ಥೆಗೂ ಸಿಂಗಪುರದ ಒಕ್ಕೂಟಕ್ಕೂ ಶೇಕಡಾ 40ರಂತೆ ಪಾಲಿದ್ದರೆ, ಉಳಿದ 20 ಪಾಲು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದಾಗಿತ್ತು. ಆ ಆವರಣಕ್ಕೆ ಪ್ರತ್ಯೇಕ ವಿದ್ಯುದಾಗಾರವನ್ನೇ ನಿರ್ಮಿಸಬೇಕಾಗಿ ಬಂದುದು ಗಮನಾರ್ಹ: ಗೋಡೆಯ ಒಳಗೆ ಎಡೆಬಿಡದ ಕರೆಂಟು, ಹೊರಗಿನ ಹಳ್ಳಿಗಳಿಗೆ ಎಂದಿನಂತೆ ಕಡಿತ.

ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಉದ್ಯಮಿಗಳಿಗೆ ಹಂಚುವ ಅಧಿಕಾರವು 1966ರ ಕಾಯಿದೆಯಿಂದ ಈ ಮಂಡಳಿಗೆ ಬಂದುದು. ಸುಧಾರಣೆಯ ಯುಗದಲ್ಲಿ ಆ ಅಧಿಕಾರವು ಕ್ಷೀಣಿಸಲಿಲ್ಲ. ಆದರೆ ಕಾರ್ಖಾನೆಯ ಬಸ್ಸಿನ ಸ್ಥಾನವನ್ನು ತುಂಬಬೇಕಾಗಿದ್ದ ಸಾರ್ವಜನಿಕ ವಾಹನಸೌಕರ್ಯವು, ಕಲ್ಯಾಣ ನಗರದಿಂದಲೋ ಇಂದಿರಾನಗರದಿಂದಲೋ ದಿನವೂ ಪೂರ್ವಕ್ಕೆ ಹೊರಡುವ ನೌಕರರ ಸಂಖ್ಯೆಗೆ ಸರಿದೊರೆಯಾಗಿ ಬೆಳೆಯಲೇ ಇಲ್ಲ. ಉದ್ಯಮಕ್ಕೆ ನೆಲವು 1994ರ ಒಪ್ಪಂದದಿಂದ ದೊರೆಯಿತು. ಅದೇ ಉದ್ಯಮದ ನೌಕರರಿಗೆ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಹರಿದುದು 2023ರ ಮಾರ್ಚ್ 25ರಂದು, ಬೈಯ್ಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಉಳಿದಿದ್ದ ತುಂಡು ಕೂಡಿಕೊಂಡುದು ಆ ವರ್ಷದ ಅಕ್ಟೋಬರಿನಲ್ಲಿ.